ಖಾಲಿ ಎಂದು ಬರೆದ ನಲವತ್ತು ಎಕರೆ

ಮುತ್ತಲಗೇರಾ, ತಾ. ಚಿಂಚೋಳಿ
6 ಮೇ 2025

ಮಗಳೇ ದೇವಿಕಾ,

ನಾಲ್ಕು ದಿನದಿಂದ ಫೋನ್ ಮಾಡುತ್ತಿದ್ದೇನೆ, ನೀನು ಎತ್ತುತ್ತಿಲ್ಲ. ಕೆಲಸ ಹೆಚ್ಚಿರಬೇಕು. ನನಗೂ ಸಿಗ್ನಲ್ ಸಿಗಬೇಕೆಂದರೆ ಸುಲೇಪೇಟದ ಬಸ್ಸು ನಿಲ್ಲುವ ಕ್ರಾಸಿನವರೆಗೆ ನಡೆಯಬೇಕು. ಅದಕ್ಕೇ ಈ ಕಾಗದ. ಸಿಟ್ಟಿನಲ್ಲಿರುವಾಗ ಬಾಯಿಗಿಂತ ಕೈ ನಿಧಾನ, ಅದೂ ಒಂದು ಅನುಕೂಲ.

ವಿಷಯ ತೋಳನ ದಿನ್ನೆಯದು. ನಾಲ್ಕು ದಿನದ ಹಿಂದೆ ಬೆಳಿಗ್ಗೆ ಕಾವಲಿನ ಸುತ್ತು ಹಾಕಲು ಹೋದಾಗ ದಿನ್ನೆಯ ನಾಲ್ಕೂ ಮೂಲೆಗಳಲ್ಲಿ ಸುಣ್ಣದ ಗುರುತು ಕಂಡಿತು. ರಸ್ತೆಯ ಬದಿಗೆ ಹೊಸ ಬೋರ್ಡು. ‘ಪರಿಹಾರ ಅರಣ್ಯೀಕರಣ, ನಲವತ್ತು ಎಕರೆ, ಹದಿನೇಳು ಸಾವಿರದ ಆರುನೂರು ಸಸಿ’ ಎಂದು ಬರೆದಿದೆ. ಚಿತ್ತಾಪುರದ ಕಡೆ ಯಾವುದೋ ಕಲ್ಲಿನ ಗಣಿಗೆ ಕಾಡು ಹೋಗುತ್ತದಂತೆ, ಅದರ ಬದಲಿಗೆ ಇಲ್ಲಿ ಕಾಡು ಬೆಳೆಸುತ್ತಾರಂತೆ. ಪಂಚಾಯಿತಿಯಲ್ಲಿ ಕೇಳಿದೆ. ಜೂನ್ ಮೊದಲ ವಾರ ಜೆಸಿಬಿ ಬರುತ್ತದೆ, ಪೊದೆಗಳನ್ನು ಸ್ವಚ್ಛ ಮಾಡಿ ಗುಂಡಿ ತೋಡುತ್ತಾರೆ ಎಂದರು. ಇದೇ ಜಾಗ ಯಾಕೆ ಎಂದರೆ, ಸರ್ವೆಯಲ್ಲಿ ಇದು ಖಾಲಿ ಜಮೀನು ಎಂದು ಬಂದಿದೆಯಂತೆ.

ಖಾಲಿ!

ನಿನಗೆ ಗೊತ್ತಿರುವುದೇ, ಆದರೂ ಬರೆಯುತ್ತೇನೆ. ಈ ಕಾಗದವನ್ನು ನೀನು ಬೇರೆಯವರಿಗೆ ತೋರಿಸಬೇಕಾಗಬಹುದು. ಮೂವತ್ತು ವರ್ಷದ ಹಿಂದೆ ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗಾಗಿ ಆ ದಿನ್ನೆಯ ಮರಗಳನ್ನೆಲ್ಲ ಕಡಿದರು. ಎರಡು ವರ್ಷ ಅಗೆದರು. ಶಹಾಬಾದದ ಕಲ್ಲಿನಂಥ ಕಲ್ಲು ಸಿಗಲಿಲ್ಲ, ಬಿಟ್ಟು ಹೋದರು. ಮರ ಹೋಯಿತು, ಬೇರು ಉಳಿಯಿತು. ದಿಂಡಿಗ, ಮುತ್ತುಗ, ತೂಬರೆ, ನೆಲ್ಲಿ ಪ್ರತಿ ಮಳೆಗಾಲ ಬುಡದಿಂದ ಚಿಗುರುತ್ತಿದ್ದವು, ಪ್ರತಿ ಚಳಿಗಾಲ ನಮ್ಮ ಕುರಿಗಳು ಆ ಚಿಗುರನ್ನು ಮೇಯುತ್ತಿದ್ದವು. ಇಪ್ಪತ್ತು ವರ್ಷ ಅವು ಮೊಣಕಾಲಿಗಿಂತ ಮೇಲೆ ಏಳಲಿಲ್ಲ. 2018ರ ಶ್ರಾವಣದಲ್ಲಿ ಮೊದಲು ಮಾತೆತ್ತಿದವನು ನಿನ್ನ ಅಪ್ಪ, ನಮ್ಮ ಕಾಶಪ್ಪಣ್ಣ. ಹನ್ನೊಂದು ಮನೆಯ ಕುರಿಗಾರರು ಬೀರದೇವರ ಗುಡಿಯ ಭಂಡಾರ, ಎಂದರೆ ದೇವರ ಅರಿಶಿನ, ತಂದು ದಿನ್ನೆಯ ಸುತ್ತ ಎಸೆದರು. ಅಂದಿನಿಂದ ಒಳಗೆ ಕುರಿ ಇಲ್ಲ, ಕೊಡಲಿ ಇಲ್ಲ. ಮೇವಿಗೆ ಹೋಗಬೇಕೆಂದರೆ ಎರಡು ಮೈಲಿ ಸುತ್ತು. ಏಳು ವರ್ಷ ದಿನಾ ಆ ಸುತ್ತು ನಡೆದಿದ್ದಾರೆ. ಗೆರೆ ಮುರಿದವನು ಗುಡಿಯ ಮುಂದೆ ಎಲ್ಲರೆದುರು ನಿಂತು ತಪ್ಪು ಒಪ್ಪಬೇಕು. 2020ರಲ್ಲಿ ಸಾಬಣ್ಣ ನಿಂತಿದ್ದ. “ನಿದ್ದಿ ಹತ್ತಿತ್ತರೆಪ್ಪ, ಕುರಿ ಹೊಕ್ಕಾವ. ಕುರಿ ಮೇದಿಲ್ಲ, ನಾನೇ ಮೇದೀನಿ ಅಂತ ತಿಳ್ಕೊರಿ” ಎಂದು ಎಲ್ಲರನ್ನೂ ನಗಿಸಿದ್ದ. ಆದರೂ ನಿಂತಿದ್ದ.

ಈಗ ದಿನ್ನೆಯ ಮರಗಳು ನನ್ನ ತಲೆ ಮೀರಿ ಬೆಳೆದಿವೆ. ಎರಡು ವರ್ಷದಿಂದ ಕೊಂಡುಕುರಿ ಬಂದು ನೆಲೆಸಿದೆ. ಹೆಸರು ಕುರಿ, ಆದರೆ ಅದು ಜಿಂಕೆಯಂಥ ನಾಲ್ಕು ಕೊಂಬಿನ ಕಾಡುಪ್ರಾಣಿ. ಹಿಕ್ಕೆ ಹಾಕಲು ದಿನಾ ಒಂದೇ ಜಾಗಕ್ಕೆ ಬರುತ್ತದೆ. ಅಂಥ ಮೂರು ಗುಡ್ಡೆಗಳನ್ನು ನಾನು ಲೆಕ್ಕ ಮಾಡಿದ್ದೇನೆ. ಖಾಲಿ ಜಾಗದಲ್ಲಿ ಅದು ಏನು ತಿಂದು ಹಿಕ್ಕೆ ಹಾಕುತ್ತದೆ, ಸುಣ್ಣವೇ?

ನಿನ್ನ ಏಜೆನ್ಸಿಯವರೂ ಇಂಥದ್ದೇ ಸರ್ವೆ ಮಾಡುತ್ತಾರಲ್ಲ. ಈ ಸರ್ವೆ ಮಾಡಿದವರು ಯಾರು, ಯಾವ ದಿನ ಮಾಡಿದರು, ದಿನ್ನೆ ಹತ್ತಿದ್ದರೇ ಇಲ್ಲವೇ, ಇಷ್ಟು ತಿಳಿದು ಹೇಳು. ಜೂನ್‌ಗೆ ಇನ್ನು ಇಪ್ಪತ್ತೈದೇ ದಿನ.

ನಿನ್ನ ದಾರಿ ನೋಡುವ
ಕಾಕಾ ಬೀರಲಿಂಗ
(ಕಾವಲುಗಾರ, ಗ್ರಾಮ ಅರಣ್ಯ ಸಮಿತಿ)


ವಾಡಿ
14 ಮೇ 2025

ಕಾಕಾ,

ನಿಮ್ಮ ಕಾಗದ ಮುಟ್ಟಿತು.

ನೀವು ತಿಳಿದಷ್ಟು ಕೆಟ್ಟ ವಿಷಯ ಇದಲ್ಲ ಎಂದು ನನಗೆ ಅನಿಸುತ್ತದೆ. ಬರುತ್ತಿರುವವರು ಕಾಡು ಬೆಳೆಸುವವರು. ನಲವತ್ತು ಎಕರೆಗೂ ತಂತಿ ಬೇಲಿ ಬರುತ್ತದೆ, ಮೂರು ವರ್ಷ ಟ್ಯಾಂಕರಿನ ನೀರು ಬರುತ್ತದೆ. ‘ಖಾಲಿ’ ಎನ್ನುವುದು ಬೈಗುಳವೂ ಅಲ್ಲ, ನಮೂನೆಯಲ್ಲಿರುವ ಒಂದು ಅಂಕಣ. ಮರಗಳ ನೆರಳು ನೆಲದ ನೂರರಲ್ಲಿ ಹತ್ತು ಭಾಗಕ್ಕಿಂತ ಕಡಿಮೆ ಇದ್ದರೆ ಅದರಲ್ಲಿ ಗುರುತು ಹಾಕುತ್ತಾರೆ. ಉಪಗ್ರಹದ ಚಿತ್ರ ನೋಡಿ, ಜಾಗದ ಒಂದು ಫೋಟೋ ಸೇರಿಸಿ ನಮೂನೆ ತುಂಬುತ್ತಾರೆ. ಸೇಡಂ, ಚಿತ್ತಾಪುರ, ಎಲ್ಲ ಕಡೆಯೂ ಪದ್ಧತಿ ಇದೇ.

ಯಾರು ಮಾಡಿದ್ದೆಂದು ವಿಚಾರಿಸುತ್ತೇನೆ. ಹಳೆಯ ಫೈಲುಗಳು ಸಿಗುವುದು ತಡವಾಗುತ್ತದೆ.

ಇಲ್ಲಿ ಬಿಸಿಲು ಭಾರಿ ಇದೆ. ಕಿಟಕಿ ಮುಚ್ಚಿದರೂ ಸಿಮೆಂಟಿನ ಧೂಳು ಒಲೆಯ ಕಟ್ಟೆಯ ಮೇಲೆ ಕೂರುತ್ತದೆ. ಅಪ್ಪನ ಮೊಣಕಾಲು ಹೇಗಿದೆ? ಈ ಸರ್ವೆಯ ಸಂಗತಿ ಅವರ ತಲೆಗೆ ಹಚ್ಚಬೇಡಿ.

ದೇವಿಕಾ


ಮುತ್ತಲಗೇರಾ
19 ಮೇ 2025

ದೇವಿಕಾ,

ವಿಚಾರಿಸುವ ತೊಂದರೆ ತೆಗೆದುಕೊಳ್ಳಬೇಡ. ವರದಿಯ ಪ್ರತಿ ನನಗೇ ಸಿಕ್ಕಿದೆ. ಪಂಚಾಯಿತಿಯ ಕಪಾಟಿನಲ್ಲಿತ್ತು, ಕೇಳಿದೆ, ಕೊಟ್ಟರು. ಆರನೇ ಪುಟ. ದಿನಾಂಕ 24 ಏಪ್ರಿಲ್. ಸಮಯ ಮಧ್ಯಾಹ್ನ ಒಂದು ಗಂಟೆ ನಲವತ್ತು ನಿಮಿಷ. ‘ಜಾಗದ ಸ್ಥಿತಿ: ಖಾಲಿ, ಒಣ ಪೊದೆಗಳು. ವನ್ಯಜೀವಿ: ಕಂಡುಬಂದಿಲ್ಲ. ಸ್ಥಳೀಯರ ಬಳಕೆ: ಇಲ್ಲ.’ ಕೆಳಗೆ ಸಹಿ: ದೇವಿಕಾ ತಂದೆ ಕಾಶಪ್ಪ.

ನಿನ್ನ ಹೆಸರಿನ ಜೊತೆ ಅಣ್ಣನ ಹೆಸರೂ ಆ ಕಾಗದದಲ್ಲಿ ಬಂದಿದೆ ನೋಡು. ಏಳು ವರ್ಷ ಆ ದಿನ್ನೆ ಕಾಯ್ದವನ ಹೆಸರು, ಅದು ಖಾಲಿ ಎನ್ನುವ ಮಾತಿನ ಕೆಳಗೆ.

ಮೊದಲು ನಂಬಲಿಲ್ಲ. ಅದೇ ಹೆಸರಿನವಳು ಇನ್ನೊಬ್ಬಳಿರಬಹುದು ಎಂದುಕೊಂಡೆ. ಕ್ರಾಸಿನ ಚಹಾದ ಅಂಗಡಿಯ ಆಶಾಬಿ ಆ ಸಂಶಯವನ್ನೂ ಕಳೆದಳು. “ಬೀರಲಿಂಗಣ್ಣ, ನಿಮ್ಮ ಹುಡುಗಿ ಬಂದಿದ್ಳಲ್ಲ, ಹೇಳೇ ಇಲ್ಲ? ಜೀಪಿನಾಗೇ ಕುಂತು ಚಾ ಕುಡದ್ಲು. ಇಳೀ ಬೇ ಅಂದೆ, ಟೈಮ್ ಇಲ್ಲ ಅಂದ್ಲು. ಮನಿ ಕಡಿಗಿ ಹೋಗಂಗಿಲ್ಲೇನ್ ಅಂತ ಕೇಳೂದ್ರೊಳಗ ಗಾಡಿ ಬಿಟ್ಟೇ ಬಿಟ್ರು” ಎಂದಳು. ನಾನು ಅವಳ ಮುಂದೆ ಏನು ಹೇಳಲಿ? ಹೌದು, ಅವಸರದಲ್ಲಿದ್ದಳು ಎಂದೆ.

ಕ್ರಾಸಿನಿಂದ ದಿನ್ನೆ ಅರ್ಧ ಮೈಲಿ. ನಮ್ಮ ಮನೆ ಒಂದೂವರೆ ಮೈಲಿ. ನೀನು ಎರಡಕ್ಕೂ ಬರಲಿಲ್ಲ.

ಹೊರಗಿನವಳು ಯಾರಾದರೂ ಹೀಗೆ ಬರೆದಿದ್ದರೆ ಅವಳಿಗೆ ತಿಳಿಯಲಿಲ್ಲ ಎಂದು ಬಿಡುತ್ತಿದ್ದೆ. ಏಪ್ರಿಲ್‌ನಲ್ಲಿ ನಮ್ಮ ಕಾಡಿನಲ್ಲಿ ಎಲೆ ಇರುವುದಿಲ್ಲ ಎಂಬುದು ನಿನಗೆ ನಡೆಯಲು ಬರುವ ಮೊದಲೇ ಗೊತ್ತಿತ್ತು. ಮಾಘ ಕಳೆದರೆ ಎಲೆ ಉದುರುತ್ತದೆ, ರೋಹಿಣಿ ಮಳೆಗೆ ಚಿಗುರುತ್ತದೆ. ಉಗುರಿನಿಂದ ತೊಗಟೆ ಗೀರಿ ನೋಡಿದ್ದರೆ ಕೆಳಗೆ ಹಸಿರು ಕಾಣುತ್ತಿತ್ತು. ನೀನು ಮಾಡಿದ್ದು ಹೇಗಿದೆ ಎಂದರೆ, ನಿದ್ದೆ ಮಾಡುತ್ತಿದ್ದವನ ಫೋಟೋ ತೆಗೆದು ಸತ್ತಿದ್ದಾನೆ ಎಂದು ಬರೆದುಕೊಟ್ಟ ಹಾಗೆ. ಈಗ ಅವನನ್ನು ಹೂಳಲು ಜೆಸಿಬಿ ಬರುತ್ತಿದೆ.

ಮೂರು ವರ್ಷ ಕಾಯಲು ಬೇಲಿ ಹಾಕುತ್ತಾರೆ ಎಂದು ಬರೆದಿದ್ದೀ. ಬೇಲಿ ಇಲ್ಲದೆ ಏಳು ವರ್ಷ ಕಾಯ್ದವರು ಇಲ್ಲಿದ್ದಾರೆ. ‘ಸ್ಥಳೀಯರ ಬಳಕೆ: ಇಲ್ಲ’ ಎಂದಿದ್ದೀ. ಬಳಸದೆ ಬಿಟ್ಟಿದ್ದೇ ಅವರ ಕೆಲಸವಾಗಿತ್ತು.

ಅಣ್ಣನಿಗೆ ಹೇಳಿಲ್ಲ. ನೀನು ಕೇಳಿದ್ದಕ್ಕಾಗಿ ಅಲ್ಲ. ನನ್ನ ಬಾಯಿಂದ ಆ ಮಾತು ಹೊರಡುತ್ತಿಲ್ಲ. ತಿದ್ದುವ ದಾರಿ ಇದ್ದರೆ ತಿದ್ದು. ಹದಿನೈದು ದಿನವೂ ಉಳಿದಿಲ್ಲ.

ಬೀರಲಿಂಗ


ವಾಡಿ
27 ಮೇ 2025

ಕಾಕಾ,

ಮೂರು ಸಲ ಬರೆದು ಹರಿದೆ. ಈಗ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಆ ದಿನ ನನಗೆ ಆರು ಜಾಗ ಕೊಟ್ಟಿದ್ದರು. ಬೆಳಿಗ್ಗೆ ಸೇಡಂ ಕಡೆ ಮೂರು, ನಂತರ ಚಿಂಚೋಳಿ ಕಡೆ ಮೂರು. ಸಂಜೆ ಐದಕ್ಕೆ ಜೀಪು ವಾಪಸು ಬರಬೇಕಿತ್ತು. ಐದನೆಯ ಜಾಗದ ಸರ್ವೆ ನಂಬರ್ ನೋಡಿದಾಗ ತೋಳನ ದಿನ್ನೆ ಎಂದು ಹೊಳೆಯಲಿಲ್ಲ. ಕ್ರಾಸಿಗೆ ಬಂದಾಗ ಹೊಳೆಯಿತು. ಆಗ ಇಳಿಯಬೇಕಿತ್ತು. ಇಳಿದರೆ ದಿನ್ನೆ ಹತ್ತಬೇಕು, ಹತ್ತಿದರೆ ಎಣಿಸಬೇಕು, ಎಣಿಸಿದರೆ ಆರನೆಯ ಜಾಗ ತಪ್ಪುತ್ತದೆ. ಮನೆಗೆ ಬಂದರೆ ನೀವು ಊಟಕ್ಕೆ ಕೂರಿಸುತ್ತೀರಿ. ಚಿತ್ರದಲ್ಲಿ ಹೇಗೂ ಬೋಳಾಗಿ ಕಾಣುತ್ತಿದೆ, ಸಸಿ ನೆಟ್ಟರೆ ಒಳ್ಳೆಯದೇ ಆಗುತ್ತದಲ್ಲ ಎಂದುಕೊಂಡೆ. ರಸ್ತೆಯಿಂದ ಫೋಟೋ ತೆಗೆದೆ. ನಿಮ್ಮ ಮೊದಲ ಕಾಗದ ಬಂದಾಗಲೂ ಸುಳ್ಳು ಹೇಳಿದೆ. ಹಳೆಯ ಫೈಲು ಯಾವುದೂ ಹುಡುಕಬೇಕಿರಲಿಲ್ಲ.

ನಮ್ಮ ಏಜೆನ್ಸಿ ನಡೆಸುವ ಅಜಯಕುಮಾರ ಸರ್ ಬಳಿ ಹೋಗಿ, ವರದಿ ತಪ್ಪಾಗಿದೆ, ತಿದ್ದಿ ಕಳಿಸೋಣ ಎಂದೆ. “ಹೋದ ರಿಪೋರ್ಟು ಹೋತಮ್ಮ. ಅದಕ್ಕ ಮ್ಯಾಲಿಂದ ಮಂಜೂರಿ ಬಂದದ. ಈಗ ನೀ ತಪ್ಪಂದ್ರ ಒಂದು ತಪ್ಪಲ್ಲ, ಹಿಂದಿನ ಎಲ್ಲಾ ರಿಪೋರ್ಟ್ ತಗಸ್ತಾರ. ನಿನ್ನ ಜೋಡಿ ಇರೋ ಆರು ಮಂದಿ ಮನಿಗಿ ಹೋಗ್ತಾರ, ನೋಡು” ಎಂದರು. ನಂತರ ನಗುತ್ತ, “ಗಿಡಾ ಹಚ್ಚಬ್ಯಾಡ್ರಿ ಅನ್ನೋ ಮಂದಿ ನಿಮ್ಮೂರಾಗೇ ನೋಡ್ದೆ” ಎಂದರು. ನಾನು ಏನೂ ಹೇಳದೆ ಹೊರಗೆ ಬಂದೆ. ಅದಕ್ಕೂ ನನ್ನನ್ನು ಬೈಯಿರಿ.

ನಾನೇ ಮೇಲಿನ ಕಚೇರಿಗೆ ಮೇಲ್ ಕಳಿಸಿದ್ದೇನೆ, ಹೆಸರು ಹಾಕಿಲ್ಲ. ಉತ್ತರ ಬಂದಿಲ್ಲ.

ಅಪ್ಪನಿಗೆ ಇನ್ನೂ ಹೇಳಬೇಡಿ.

ದೇವಿಕಾ


ಮುತ್ತಲಗೇರಾ
7 ಜೂನ್ 2025

ದೇವಿಕಾ,

ಹೆಸರಿಲ್ಲದ ಮೇಲ್‌ಗೆ ಯಾರು ಉತ್ತರ ಕೊಡುತ್ತಾರೆ?

ಜೆಸಿಬಿ ಬಂತು. ಬಂದದ್ದು ಜೂನ್ ಐದಕ್ಕೆ, ಪರಿಸರ ದಿನಾಚರಣೆಯ ದಿನ. ರಸ್ತೆ ಬದಿಗೆ ಶಾಮಿಯಾನ ಹಾಕಿ, ಯೋಜನೆಯ ಸಾಹೇಬರ ಕೈಯಿಂದ ಐದು ಸಸಿ ನೆಡಿಸಿ, ಫೋಟೋ ತೆಗೆದು, ಶಾಲೆಯ ಮಕ್ಕಳಿಗೆ ಚಾಕಲೇಟು ಹಂಚಿದರು. ಅವರ ಬೆನ್ನ ಹಿಂದೆ, ನೂರು ಮಾರು ದೂರದಲ್ಲಿ, ಯಂತ್ರ ದಿಂಡಿಗದ ಮರಗಳನ್ನು ಬೇರುಸಮೇತ ಎಬ್ಬಿಸುತ್ತಿತ್ತು. ರೋಹಿಣಿ ಮಳೆ ಆಗಲೇ ಎರಡು ಸಲ ಬಿದ್ದಿದೆ. ಪ್ರತಿ ಟೊಂಗೆಯಲ್ಲೂ ಚಿಗುರಿತ್ತು. ಈಗ ಯಾವ ಕುರುಡನಿಗೂ ಅದು ಒಣ ಪೊದೆ ಎನಿಸುವುದಿಲ್ಲ. ಸಾಹೇಬರಿಗೆ ನಾನು ಅದನ್ನೇ ಹೇಳಿದೆ. ಅವರು ವರದಿಯ ಆರನೇ ಪುಟ ತೆಗೆದು ತೋರಿಸಿದರು. “ನೋಡ್ರಿ, ನಿಮ್ಮ ಕಡೀ ಹುಡುಗೀನೇ ಬರದಾಳಲ್ಲ” ಎಂದರು.

ಎರಡು ದಿನದಲ್ಲಿ ಹನ್ನೊಂದು ಎಕರೆ ಬಯಲಾಯಿತು. ನಾನು ಹೆಜ್ಜೆ ಹಾಕಿ ಅಳೆದಿದ್ದೇನೆ. ಕೊಂಡುಕುರಿಯ ಒಂದು ಹಿಕ್ಕೆಯ ಗುಡ್ಡೆ ಯಂತ್ರದ ಗಾಲಿಯ ಕೆಳಗೆ ಹೋಯಿತು. ಇಂದು ಬೆಳಿಗ್ಗೆ ನೋಡಿದೆ, ಅದು ಮತ್ತೆ ಬಂದಿದೆ. ಕಲಸಿದ ಮಣ್ಣಿನ ಮೇಲೆ, ಹಳೆಯ ಜಾಗದಲ್ಲೇ, ಹೊಸ ಹಿಕ್ಕೆ. ಸುತ್ತ ಮರೆಗೆ ಒಂದು ಕಡ್ಡಿ ಇಲ್ಲ. ಬಯಲಲ್ಲಿ ನಿಂತು ಹೋಗಿದೆ.

ಉಳಿದ ಇಪ್ಪತ್ತೊಂಬತ್ತು ಎಕರೆಯನ್ನು ಈಗ ಉಳಿಸಿರುವುದು ಜೆಸಿಬಿ ಓಡಿಸುವ ತಾರೀಕ. ಶಹಾಬಾದದವನು. ನಿನ್ನೆ ಮಧ್ಯಾಹ್ನ ಯಂತ್ರದ ಮುಂದೆ ಹೋಗಿ ನಿಂತೆ. ಇಳಿದು ಬಂದ. ಒಂದು ತೂಬರೆಯ ಕಾಂಡ ಗೀರಿ ತೋರಿಸಿದೆ. ಬೆರಳಿಟ್ಟು ನೋಡಿದ. “ಚಾಚಾ, ನನಗ ಕಚರಾ ತಗಿ ಅಂದಾರ. ಇದು ಕಚರಾ ಅಲ್ಲ ಬಿಡ್ರಿ” ಎಂದ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, “ಪೈಪ್ ಒಡದದ. ಸಾಮಾನು ಬರೋತನ ಗಾಡಿ ನಡಿಯಂಗಿಲ್ಲ” ಎಂದು ಮೇಸ್ತ್ರಿಗೆ ಫೋನ್ ಮಾಡಿದ. ಪೈಪು ಒಡೆದದ್ದು ನನಗೆ ಕಾಣಲಿಲ್ಲ. ಅವನಿಗೆ ನನ್ನ ಪರಿಚಯವೇ ಇಲ್ಲ, ದಿನ್ನೆಯೂ ಹೊಸದು. ಆದರೂ ಇಳಿದು ಬಂದು ಮುಟ್ಟಿ ನೋಡಿದ.

ಇದಕ್ಕಿಂತ ಹೆಚ್ಚು ನನಗೆ ಬರೆಯಲು ಇಲ್ಲ.

ಬೀರಲಿಂಗ


ಮುತ್ತಲಗೇರಾ
23 ಜೂನ್ 2025

ದೇವಿಕಾ,

ನೀನು ಉತ್ತರ ಬರೆಯಲಿಲ್ಲ. ಆದರೂ ಇದನ್ನು ತಿಳಿಸಲೇಬೇಕು.

ನಿನ್ನೆ ಭಾನುವಾರ ಗುಡಿಯ ಮುಂದೆ ಹನ್ನೊಂದು ಮನೆಯವರು ಸೇರಿದ್ದರು. ಸಾಬಣ್ಣ ಎದ್ದು ಹೇಳಿದ: “ಏಳು ವರ್ಷ ಹೊಟ್ಟಿ ಕಟ್ಕೊಂಡು ಸುತ್ತ ಹಾಕೀವಿ. ನನ್ನ ಕುರಿ ನಾಕ ಎಲಿ ತಿಂದಿದ್ದಕ್ಕ ನನ್ನ ಇಲ್ಲಿ ನಿಂದ್ರಿಸಿದ್ರಿ. ನಿಂತೆ. ಈಗ ಹನ್ನೊಂದು ಎಕರೆ ಕಿತ್ತು ಒಗದಾರ. ಅದಕ್ಕ ಯಾರ್ ನಿಂದ್ರತಾರ? ಯಾರೂ ನಿಂದ್ರಂಗಿಲ್ಲಂದ್ರ ಗೆರಿ ಮುರದಂಗ. ಮುರದ ಗೆರಿಗಿ ನನ್ನ ಕುರಿ ಒಂದೇ ಯಾಕ ಹೊರಗಿರಬೇಕು?”

ಅವನು ಹೇಳಿದ್ದರಲ್ಲಿ ತಪ್ಪೇನಿದೆ? ಉಳಿದ ಇಪ್ಪತ್ತೊಂಬತ್ತು ಎಕರೆಗೆ ಹನ್ನೊಂದು ಮನೆಯ ಕುರಿ ಬಿಟ್ಟರೆ ಒಂದು ಮಳೆಗಾಲ ಸಾಕು. ಜೆಸಿಬಿಯೇ ಬೇಕಾಗಿಲ್ಲ, ವರದಿಯಲ್ಲಿ ಬರೆದದ್ದು ತಾನೇ ನಿಜವಾಗುತ್ತದೆ.

ಆಗ ಅಣ್ಣ ನನ್ನ ಕಡೆ ತಿರುಗಿದ. “ಬೀರ್ಯಾ, ಖಾಲಿ ಅಂತ ಬರದಾಂವ ಯಾಂವ? ನಿನಗ ಗೊತ್ತದ. ಒಂದು ತಿಂಗಳಾತು ನೀ ನನ್ನ ಮಾರಿ ನೋಡಿ ಮಾತಾಡವಲ್ಲಿ” ಎಂದ. ಗುಡಿಯ ಮುಂದೆ ನಿಂತು ಸುಳ್ಳು ಹೇಳಲಾಗಲಿಲ್ಲ. ಹೇಳಿದೆ. ಅಣ್ಣ ಚಪ್ಪಲಿ ಹಾಕಿಕೊಂಡು, ಕಂಬಳಿ ಅಲ್ಲೇ ಬಿಟ್ಟು ಮನೆಗೆ ಹೋದ. ಕಂಬಳಿ ನಾನು ತಂದಿಟ್ಟಿದ್ದೇನೆ.

ಹಿರಿಯರು ತೀರ್ಮಾನ ಮಾಡಿದ್ದು ಇಷ್ಟು: ಮುಂದಿನ ಭಾನುವಾರ, 29ರವರೆಗೆ ಕುರಿ ಹೊರಗೇ ಇರುತ್ತವೆ. ಅಷ್ಟರೊಳಗೆ ಗೆರೆ ಮುರಿದವರು ಬಂದು ನಿಂತರೆ ಭಂಡಾರ ಹೊಸದಾಗಿ ಬೀಳುತ್ತದೆ. ಇಲ್ಲವಾದರೆ ಸೋಮವಾರ ಬೆಳಿಗ್ಗೆ ಕುರಿ ಒಳಗೆ. ಹೆಣ್ಣುಮಕ್ಕಳು ಹಾಗೆ ನಿಂತ ರೂಢಿ ಇಲ್ಲ ಎಂದು ಒಬ್ಬರು ಅಂದರು. “ಸಹಿ ಮಾಡೂ ರೂಢಿ ಇತ್ತೇನ್ ಮತ್ತ?” ಎಂದ ಸಾಬಣ್ಣ.

ಇನ್ನೊಂದು. ಕಳೆದ ಮಂಗಳವಾರ ದಿನ್ನೆಯ ಉತ್ತರದ ಬದಿಯಲ್ಲಿ ಹಗ್ಗ ಕಟ್ಟಿ ಚೌಕ ಹಾಕಿದ ಗುರುತು ನೋಡಿದೆ. ಐದು ಕಡೆ. ಮಣ್ಣಿನಲ್ಲಿ ಸಣ್ಣ ಹೆಜ್ಜೆಯ ಬೂಟಿನ ಗುರುತೂ ಇತ್ತು. ಯಾರು ಎಂದು ಆಶಾಬಿಯನ್ನು ಕೇಳಲಿಲ್ಲ.

ಬಾ ಎಂದು ನಾನು ಕರೆಯುವುದಿಲ್ಲ.

ಕಾಕಾ


ವಾಡಿ
25 ಜೂನ್ 2025

ಅರಣ್ಯೀಕರಣ ಯೋಜನೆಯ ಅಧಿಕಾರಿಗಳಿಗೆ,
(ಪ್ರತಿ: ಬೀರಲಿಂಗ, ಮುತ್ತಲಗೇರಾ)

ವಿಷಯ: ತೋಳನ ದಿನ್ನೆಯ ಸಮೀಕ್ಷಾ ವರದಿ ಸುಳ್ಳು ಎಂಬ ಬಗ್ಗೆ.

ಮಾನ್ಯರೇ,

ಈ ಜಾಗ ಖಾಲಿ ಎಂದು 24 ಏಪ್ರಿಲ್‌ನ ವರದಿಯಲ್ಲಿ ಬರೆದವಳು ನಾನು. ನಾನು ಆ ದಿನ ಜಾಗದ ಒಳಗೆ ಕಾಲಿಡಲಿಲ್ಲ. ಅರ್ಧ ಮೈಲಿ ದೂರದ ರಸ್ತೆಯಲ್ಲಿ ನಿಂತ ಜೀಪಿನಿಂದ ಒಂದು ಫೋಟೋ ತೆಗೆದು, ಉಳಿದದ್ದನ್ನು ಕಚೇರಿಯಲ್ಲಿ ಕುಳಿತು ತುಂಬಿದೆ. ಅದು ಎಲೆ ಉದುರುವ ಕಾಡು. ಏಪ್ರಿಲ್‌ನಲ್ಲಿ ತೆಗೆದ ಚಿತ್ರದಿಂದ ಅಲ್ಲಿ ಮರ ಇದೆಯೋ ಇಲ್ಲವೋ ಹೇಳಲು ಬರುವುದಿಲ್ಲ. ಇದು ನನಗೆ ಆಗಲೂ ಗೊತ್ತಿತ್ತು.

ಜೂನ್ 16 ಮತ್ತು 17ರಂದು ರಜೆ ಹಾಕಿ ದಿನ್ನೆಯನ್ನು ನಡೆದು ನೋಡಿದೆ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಐದು ಚೌಕಗಳಲ್ಲಿ ಎಣಿಸಿದೆ. ಒಂದು ಚೌಕದಲ್ಲಿ ಸರಾಸರಿ ಮೂವತ್ತೇಳು ಜೀವಂತ ಮರಗಳಿವೆ. ಎತ್ತರ ಐದು ಅಡಿಯಿಂದ ಹದಿಮೂರು ಅಡಿ. ಹತ್ತೊಂಬತ್ತು ಜಾತಿ. ಯಾವುದನ್ನೂ ಯಾರೂ ನೆಟ್ಟದ್ದಲ್ಲ, ಎಲ್ಲವೂ ಹಳೆಯ ಬೇರಿನಿಂದ ಬಂದವು. ನಿಮ್ಮ ಯೋಜನೆ ಒಂದು ಚೌಕಕ್ಕೆ ಹನ್ನೊಂದು ಸಸಿ ನೆಡುತ್ತದೆ. ಹನ್ನೊಂದು ಅಕೇಶಿಯಾ ನೆಡಲು ಮೂವತ್ತೇಳು ಮರ ಕೀಳಲಾಗುತ್ತಿದೆ. ಕೊಂಡುಕುರಿಯ ಹಿಕ್ಕೆಯ ಗುಡ್ಡೆಗಳು ಮೂರಿದ್ದವು, ಒಂದು ನಾಶವಾಗಿದೆ. ಅಳತೆ, ಫೋಟೋ, ಮರಗಳ ಪಟ್ಟಿ ಲಗತ್ತಿಸಿದ್ದೇನೆ.

‘ಸ್ಥಳೀಯರ ಬಳಕೆ: ಇಲ್ಲ’ ಎಂಬುದೂ ಸುಳ್ಳು. ಆ ಕಾಡು ಇರುವುದೇ ಹನ್ನೊಂದು ಕುರಿಗಾರರ ಕುಟುಂಬಗಳು 2018ರಿಂದ ಅಲ್ಲಿ ಮೇಯಿಸದೆ ಇರುವುದರಿಂದ. ಅದರಲ್ಲಿ ಒಂದು ನನ್ನ ಕುಟುಂಬ.

ಹನ್ನೊಂದು ಎಕರೆ ಈಗಾಗಲೇ ಹೋಗಿದೆ. ಉಳಿದ ಇಪ್ಪತ್ತೊಂಬತ್ತು ಎಕರೆಗೆ ಯಂತ್ರ ಕಳಿಸುವ ಮೊದಲು ನಿಮ್ಮಲ್ಲಿ ಒಬ್ಬರು ನಡೆದು ನೋಡಬೇಕು. ಆ ದಿನ ನಾನು ಸರ್ವೆ ಮಾಡಿದ ಇತರ ಐದು ಜಾಗಗಳನ್ನೂ ಮತ್ತೆ ಸರ್ವೆ ಮಾಡಿಸಬೇಕು. ಅಲ್ಲಿಯೂ ನಾನು ಇಳಿದಿಲ್ಲ.

ಇಂದಿನಿಂದ ನಾನು ಆ ಏಜೆನ್ಸಿಯ ಕೆಲಸದಲ್ಲಿಲ್ಲ. ವಿಚಾರಣೆಗೆ ಕರೆದರೆ ಬರುತ್ತೇನೆ.

ದೇವಿಕಾ ತಂದೆ ಕಾಶಪ್ಪ
ಮುತ್ತಲಗೇರಾ, ತಾ. ಚಿಂಚೋಳಿ


ಮುತ್ತಲಗೇರಾ
6 ಜುಲೈ 2025

ಮಗಳೇ ದೇವಿಕಾ,

ಈ ಕಾಗದ ನಿನ್ನ ಅಪ್ಪನದು, ಬರೆಯುವವನು ನಾನು. ಅಣ್ಣ ಎದುರಿಗೆ ಕುಳಿತಿದ್ದಾನೆ. ತನ್ನ ಮಾತು ತಿದ್ದಬಾರದು ಎಂದು ಷರತ್ತು ಹಾಕಿದ್ದಾನೆ.

“ಬರಿ. ಹೋದ ಐತವಾರ ಗುಡಿ ಮುಂದ ನೀ ನಿಂತಾಗ ನಾ ಮಾತಾಡ್ಲಿಲ್ಲ ಅಂತ ಸಿಟ್ಟು ಮಾಡ್ಕೋಬ್ಯಾಡ. ಸಾಬಣ್ಣ ಸೈತ ಅಂದ, ‘ಕಾಶಣ್ಣ, ನಾ ನಿಂತಾಗ ನಗಿಸಿದ್ದೆ, ನಿನ್ನ ಮಗಳು ಯಾರಿಗೂ ನಗಲಿಕ್ಕ ಬಿಡ್ಲಿಲ್ಲ’ ಅಂತ.”

ಇನ್ನು ಮುಂದಿನದು ನನ್ನ ಮಾತು. ಸಾಬಣ್ಣ ಅಷ್ಟಕ್ಕೇ ಬಿಡಲಿಲ್ಲ. ಭಂಡಾರ ಬಿದ್ದ ಮೇಲೆ, ಕಿತ್ತ ಹನ್ನೊಂದು ಎಕರೆಗೂ ಸೇರಿಸಿಯೇ ಎಸೆಯಬೇಕು, ಬೇರು ಇನ್ನೂ ಕೆಳಗೆ ಇದ್ದರೂ ಇರಬಹುದು ಎಂದ. ಹಾಗೆಯೇ ಮಾಡಿದೆವು. ಅಷ್ಟು ಹೊತ್ತಿಗೆ ನಿನ್ನ ಬಸ್ಸು ಹೋಗಿತ್ತು.

ಮೊನ್ನೆ ಶುಕ್ರವಾರ ಜೆಸಿಬಿ ಮತ್ತೆ ಬಂತು. ತಾರೀಕನನ್ನು ತೆಗೆದು ಹೊಸಬನನ್ನು ಕೂರಿಸಿದ್ದರು. ನಿನ್ನ ಅರ್ಜಿಗೆ ಏನಾಯಿತು ಎಂದು ಮೇಸ್ತ್ರಿಯನ್ನು ಕೇಳಿದೆ. “ಪರಿಶೀಲನೆಯಾಗದ” ಎಂದ. ಪರಿಶೀಲನೆ ಮುಗಿಯುವವರೆಗೆ ಯಂತ್ರ ನಿಲ್ಲಿಸಬೇಕಲ್ಲ ಎಂದರೆ, ಹಾಗೆ ಆದೇಶ ಇಲ್ಲ ಎಂದ. ಕೀಳಲು ಆದೇಶ ಬೇಕಿಲ್ಲ, ನಿಲ್ಲಿಸಲು ಬೇಕು!

ಅಣ್ಣ ಅವನ ಜೊತೆ ವಾದಕ್ಕೆ ನಿಲ್ಲಲಿಲ್ಲ. ಒಂದು ಸಿಳ್ಳೆ ಹಾಕಿದ. ಹನ್ನೊಂದು ಮನೆಯ ಕುರಿಗಳು, ಒಂಬೈನೂರಕ್ಕೆ ಕಡಿಮೆ ಇಲ್ಲ, ರಸ್ತೆಯ ತುಂಬ ಬಂದು ಮಲಗಿದವು. ದಿನ್ನೆಯ ಗೆರೆಯೊಳಗೆ ಒಂದು ಕಾಲೂ ಇಡಲಿಲ್ಲ. ಮೇಸ್ತ್ರಿ ಕೂಗಾಡಿದ. “ರೋಡ್ ಸರಕಾರದ್ದು ಹೌದಲ್ಲೋ? ಅದರ ಮ್ಯಾಲ ಭಂಡಾರ ಹಾಕಿಲ್ಲಪ್ಪ ನಾವು” ಎಂದ ಅಣ್ಣ. ಆಶಾಬಿ ಅಂಗಡಿಯಿಂದ ನಾಲ್ಕು ಸಲ ಚಹಾ ತಂದಳು. ಡ್ರೈವರನಿಗೂ ಕೊಟ್ಟಳು.

ಬೆಳಿಗ್ಗೆ ಎಂಟಕ್ಕೆ ಮಲಗಿದ ಕುರಿ ಮಧ್ಯಾಹ್ನ ಒಂದಾದರೂ ಏಳಲಿಲ್ಲ. ಆಗ ಸಾಹೇಬರ ಕಾರು ಬಂತು. ಕುರಿಗಳ ನಡುವೆ ಕಾರು ಮುಂದೆ ಹೋಗದು. ಸಾಹೇಬರು ಪ್ಯಾಂಟು ಎತ್ತಿ ಹಿಡಿದುಕೊಂಡು ನಡೆದೇ ಬಂದರು. ದಿನ್ನೆಯವರೆಗೆ ಹೇಗೂ ಬಂದಿದ್ದೀರಿ, ಒಳಗೂ ಬನ್ನಿ ಎಂದು ನಾನು ಮುಂದೆ ನಡೆದೆ. ನಿನ್ನ ಅರ್ಜಿ ಅವರ ಕೈಯಲ್ಲೇ ಇತ್ತು. ಒಂದು ಚೌಕದಲ್ಲಿ ತಾವೇ ಎಣಿಸಿದರು. ನಲವತ್ತೊಂದು ಬಂತು. ಎರಡನೆಯ ಸಲ ಎಣಿಸಿದರು, ಅಷ್ಟೇ ಬಂತು. ಹಿಕ್ಕೆಯ ಗುಡ್ಡೆ ತೋರಿಸಿದಾಗ ಕರವಸ್ತ್ರ ಮೂಗಿಗೆ ಹಿಡಿದರೂ ಬಗ್ಗಿ ನೋಡಿದರು.

ಹೊರಗೆ ಬಂದು ಕಾರಿನ ಬಾನೆಟ್ಟಿನ ಮೇಲೆ ನಮೂನೆ ಹರಡಿದರು. ಇಪ್ಪತ್ತೊಂಬತ್ತು ಎಕರೆಗೆ ಯಂತ್ರ ಬೇಡ ಎಂದು ಒಪ್ಪಿದರು. ಹನ್ನೊಂದು ಎಕರೆಯಲ್ಲಿ ಅಕೇಶಿಯಾ ನೆಡುವುದನ್ನು ನಿಲ್ಲಿಸಲು ತಮಗೆ ಅಧಿಕಾರವಿಲ್ಲ, ಅದು ಮೇಲಿನವರ ಕೈಯಲ್ಲಿದೆ ಎಂದರು. ಆಮೇಲೆ ಪೆನ್ನು ಹಿಡಿದು ತುಂಬ ಹೊತ್ತು ಕಾಗದ ನೋಡುತ್ತ ನಿಂತರು. ಏನಾಯಿತು ಎಂದು ಅಣ್ಣ ಕೇಳಿದ.

“ಅದು ಏನದ ಅಂದ್ರ ಯಜಮಾನ್ರೆ, ಇದರಾಗ ಎಷ್ಟು ಗುಂಡಿ ತೋಡಿದ್ರಿ, ಎಷ್ಟು ಸಸಿ ನೆಟ್ರಿ, ಎಷ್ಟು ಬದುಕ್ಯಾವ, ಇವಕ್ಕೆಲ್ಲ ಅಂಕಣ ಅದಾವ. ಮೊದಲೇ ಇದ್ದದ್ದು ಉಳಿಸಿದ್ದಕ್ಕ ಅಂಕಣ ಇಲ್ಲ. ಎಲ್ಲಿ ಬರೀಬೇಕು ತಿಳೀವಲ್ದು. ಖಾಲಿ ಬಿಟ್ಟು ಸಹಿ ಮಾಡ್ತೀನಿ, ಮುಂದ ನೋಡೋಣು.”

ಅಣ್ಣ ಕೋಲು ಊರಿ ರಸ್ತೆಯ ನಡುವೆ, ಕುರಿಗಳ ಜೊತೆಗೇ ಕುಳಿತ.

“ಅಂಕಣ ಇಲ್ಲಂದ್ರ ಗೆರಿ ಹೊಡ್ದು ಮಾಡ್ರಿ, ಸಾಹೇಬ್ರ. ಹನ್ನೊಂದು ಮನಿ ಹೆಸರು ಹಿಡಿಯೋ ಅಷ್ಟು ದೊಡ್ಡದು ಮಾಡ್ರಿ. ಅಲ್ಲೀತನ ಕುರಿ ಏಳಂಗಿಲ್ಲ.”

ಹೆಬ್ಬೆಟ್ಟು: ಕಾಶಪ್ಪ
ಬರೆದವನು: ಬೀರಲಿಂಗ